ಬಾವಿನೀರಿನ ಹಸಿರು ಎಳೆ

"ತೀರ್ಥೇಶ, ನಮ್ಮನೆ ಬಾವಿನೂ ಹೋಯ್ತು ಕಣೋ," ಎಂದಳು ರಕ್ಷಾ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ.

ಸಾಗರದ ಕಾಲೇಜಿನ ನಮ್ಮ ಪ್ರಯೋಗಾಲಯದ ಹುಳುಗಳು ಅಕ್ಕಿನುಚ್ಚಿಗಿಂತ ಸಣ್ಣವು. ಮೈಯೆಲ್ಲ ಗಾಜು, ನೀಲಿ ಬೆಳಕು ಹಾಯಿಸಿದರೆ ನರ ಮಾತ್ರ ಹಸಿರಾಗಿ ಹೊಳೆಯುತ್ತದೆ. ಆರೋಗ್ಯದ ನರ ಒಂದೇ ಎಳೆ. ಕೀಟನಾಶಕ ತಾಗಿದರೆ ಎಳೆ ಹರಿದು ಚುಕ್ಕಿ ಚುಕ್ಕಿ. ಊರೂರಿನ ನೀರಿನಲ್ಲಿ ಅವನ್ನು ಬಿಟ್ಟು ನೋಡುವುದೇ ನಮ್ಮ ಕೆಲಸ. ರಿಪ್ಪನ್‌ಪೇಟೆ ಬಳಿಯ ರಕ್ಷಾಳ ಮನೆ ಬಾವಿ ಶುದ್ಧವೆಂದು ನಂಬಿ, ಉಳಿದವನ್ನು ಅದರೊಂದಿಗೆ ಹೋಲಿಸಲು ನೀರು ತರಿಸಿದ್ದೆವು. ಈಗ ಅದರಲ್ಲೇ ಚುಕ್ಕಿ! ಮನೆಯವರೆಲ್ಲ ದಿನಾ ಕುಡಿಯುವ ನೀರು.

ನಮ್ಮ ಗೈಡ್ ಗಜಾನನ ಸರ್ ದನಿ ಅಣಕಿಸುತ್ತ ಮೂಗಿನಲ್ಲೇ, "ಹುಳುಕು ಹುಡುಕುವವರಿಗೆ ಹುಳುವೇ ಗತಿ," ಎಂದೆ. ಅವಳು ನಗಲಿಲ್ಲ.

ಭಾನುವಾರ ಇಬ್ಬರೂ ಅವಳ ಮನೆಗೆ ಹೋದೆವು.

"ಅಪ್ಪಯ್ಯ, ನೀರು ಎಂತದ್ರಲ್ಲಿ ಕಳಿಸಿದ್ರಿ?"

ಅವಳ ಅಪ್ಪ ವಾಸಪ್ಪನವರು ಹೆಮ್ಮೆಯಿಂದ ಹೇಳಿದರು: "ಶುಂಠಿಗೆ ಹೊಡೆಯೋ ಔಷಧಿ ಕ್ಯಾನು ಇತ್ತಲ್ಲ, ಅದ್ರಲ್ಲಿ. ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದೀನಿ ಮಗಾ. ಮೂಸಿ ನೋಡು, ವಾಸನೆ ಇದ್ರೆ ಕೇಳು!"

ವಿಷಕ್ಕೆ ನಮ್ಮ ಕಡೆ ಔಷಧಿ ಎಂದೇ ಹೆಸರು. ಅದರ ಕ್ಯಾನಿಗೆ ನಿವೃತ್ತಿಯೇ ಇಲ್ಲ. ಕಾಲೇಜಿನಿಂದ ಒಯ್ದಿದ್ದ ಗಾಜಿನ ಬಾಟಲಿಗಳಲ್ಲಿ ಬಾವಿನೀರನ್ನು ನಾವೇ ಸೇದಿ ತುಂಬಿಕೊಂಡೆವು.

ಬುಧವಾರ ಫಲಿತಾಂಶ ನೋಡಲು ವಾಸಪ್ಪನವರೇ ಬಂದರು. "ನಮ್ಮ ಬಾವಿ ಮರ್ಯಾದೆ ಮಾರಾಯ, ಬರ್ದೆ ಇರಕ್ಕಾಗುತ್ತಾ?" ಎಂದು ನನ್ನನ್ನು ಸರಿಸಿ ಕಣ್ಣಿಟ್ಟರು.

"ಯಬ್ಬಾ! ಮಿಂಚುಹುಳದ ನೂಲು ತೆಗೆದಂಗಿದೆಯಲ್ಲೇ!"

"ಅದು ಬಾಟಲಿ ನೀರಿಂದು ಅಪ್ಪಯ್ಯ. ಎಳೆ ಎಲ್ಲೂ ಹರಿದಿಲ್ಲ. ಈಗ ಇದು ನೋಡಿ, ನಿಮ್ಮ ಕ್ಯಾನಿಂದು."

ಅವರು ನೋಡಿದರೆ ಬರೀ ಚುಕ್ಕಿ ಚುಕ್ಕಿ. "ಮೂರು ಸಲ ತಿಕ್ಕಿದ್ದೆ," ಎಂದು ಗೊಣಗಿ, ಮನೆಗೆ ಫೋನ್ ಹಚ್ಚಿದರು.

"ಏ ಇವಳೇ, ಆ ಔಷಧಿ ಕ್ಯಾನಿದಾವಲ್ಲ, ಮಜ್ಜಿಗೆ ಒಯ್ಯೋದು, ಜೋನಿಬೆಲ್ಲದ್ದು, ಎಲ್ಲಾ ತೂತು ಹೊಡೆದು ಹೊರಗೆ ಹಾಕು!"

ರಕ್ಷಾಳ ಅಮ್ಮ ಶೇಷಮ್ಮನವರ ದನಿ ನಮಗೂ ಕೇಳಿಸಿತು: "ಬೆಲ್ಲ ಎಂತ ಮಾಡ್ಲಿ?"

"ಬೆಲ್ಲನೂ ಚೆಲ್ಲು!"

"ಆ ಕ್ಯಾನು ಎಸಿ ಅಂತ ನಾನು ಹತ್ತು ವರ್ಷದಿಂದ ಬಾಯಿ ಬಡ್ಕೊಂಡೆ. ಹುಳ ಹೇಳಿದ್ರೆ ಕೇಳ್ತೀರಾ, ನಾನು ಹೇಳಿದ್ರೆ ಇಲ್ಲ!"

ವಾಸಪ್ಪನವರು ಫೋನನ್ನು ಕಿವಿಯಿಂದ ದೂರ ಹಿಡಿದರು. ಅಷ್ಟರಲ್ಲಿ ರಕ್ಷಾ ತೆರೆಯದೆ ಉಳಿದಿದ್ದ ಬಾಟಲಿ ಎತ್ತಿಕೊಂಡು ಜಗಲಿಗೆ ಓಡಿ, ಮನೆಯ ಬಾವಿನೀರನ್ನು ಗಟಗಟ ಕುಡಿಯತೊಡಗಿದಳು.

"ನಂಗೂ ಒಂದು ಗುಟುಕು ಇಡೇ!" ಎಂದು ವಾಸಪ್ಪನವರು ಹಿಂದೆಯೇ ಹೊರಟರು.