ಇನೇಜ ಅಳಲಿಲ್ಲ

ಸೂಜಿ ಚುಚ್ಚಿದರೂ ಇನೇಜ ಅಳಲಿಲ್ಲ.

ನ್ಯಾಮಾಟ ಊರಿನ ಆರೋಗ್ಯ ಕೇಂದ್ರದ ಜಗಲಿಯಲ್ಲಿ ದಡಾರದ ಲಸಿಕೆಗೆ ಬಂದ ಮಕ್ಕಳೆಲ್ಲ ಸೂರು ಹಾರಿಹೋಗುವಂತೆ ಕಿರುಚುತ್ತಿದ್ದವು. ವೆಸ್ಟೀನಳ ಒಂಬತ್ತು ತಿಂಗಳ ಮಗಳು ಇನೇಜ ಮಾತ್ರ ತುಟಿ ಬಿಗಿಹಿಡಿದು, ಕಣ್ಣು ಅಗಲಿಸಿ ನರ್ಸಮ್ಮನನ್ನೇ ನೋಡುತ್ತಿದ್ದಳು.

"ಭಲೇ ಗಟ್ಟಿಗಿತ್ತಿ! ಇನೇಜಳ ಅಮ್ಮಾ, ಇಂಥ ಮಗು ಸಿಗೋಕೆ ಅದೃಷ್ಟ ಬೇಕು ನೋಡಿ," ಎಂದಳು ನರ್ಸಮ್ಮ. ಸಾಲಿನಲ್ಲಿ ಕೂತ ತಾಯಂದಿರು ನಕ್ಕರು. ವೆಸ್ಟೀನ ಮಗುವನ್ನು ಎದೆಗೊತ್ತಿಕೊಂಡಳು. ತಾನು ಇಷ್ಟು ದಿನ ಯಾವುದಕ್ಕೆ ಹೆದರಿಕೊಂಡಿದ್ದಳೋ ಅದು ಆಗಿಯೇ ಹೋಗಿದೆ ಅನ್ನಿಸಿತು.

ಈ ಹೆದರಿಕೆ ಹುಟ್ಟಿದ್ದು ಇನೇಜ ಇನ್ನೂ ಹೊಟ್ಟೆಯಲ್ಲಿದ್ದಾಗ. ವಿಶ್ವವಿದ್ಯಾಲಯದಿಂದ ಡಾಕ್ಟರುಗಳು ಬಂದಿದ್ದರು. ನೆರೆಹೊರೆಯವರೇ ಕತ್ತಿ ಹಿಡಿದು ಬಂದ ತೊಂಬತ್ನಾಲ್ಕರ ಹತ್ಯಾಕಾಂಡದ ಹೊತ್ತಿಗೆ ಬಸುರಿಯರಾಗಿದ್ದ ಹೆಂಗಸರನ್ನೂ ಆ ಬಸುರಿನಲ್ಲಿ ಹುಟ್ಟಿದ ಮಕ್ಕಳನ್ನೂ ಕರೆಸಿ ರಕ್ತ ತೆಗೆದುಕೊಂಡಿದ್ದರು. ಆಗ ಹೊಟ್ಟೆಯಲ್ಲಿದ್ದ ಕೂಸು ವೆಸ್ಟೀನ, ತನ್ನ ತಾಯಿ ಮುಕಬುತೆರಳ ಜೊತೆ ಹೋಗಿದ್ದಳು. ಕಾಯಿತೇಸಿ ಎಂಬ ಎಳೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು.

"ಬಸುರೀಲಿ ತಾಯಿ ವಿಪರೀತ ಹೆದರಿದ್ರೆ ಮಗುವಿನ ಜೀನುಗಳ ಮೇಲೆ ಗುರುತು ಬೀಳಬಹುದು. ಜೀನು ಅದೇ ಇರುತ್ತೆ. ಯಾವುದು ಕೆಲಸ ಮಾಡ್ಬೇಕು, ಯಾವುದು ಸುಮ್ನಿರ್ಬೇಕು ಅನ್ನೋದು ಮಾತ್ರ ಬದಲಾಗುತ್ತೆ. ಅಂಥ ಮಕ್ಕಳು ದೊಡ್ಡವರಾದ್ರೂ ಸಣ್ಣ ಸದ್ದಿಗೂ ಬೆಚ್ಚಬಹುದು, ಇಲ್ಲ ನೋವಾದ್ರೂ ಬಾಯಿ ಬಿಡದೆ ಕೂರಬಹುದು."

"ನನ್ನ ಹೊಟ್ಟೇಲಿರೋ ಇದಕ್ಕೂ ದಾಟುತ್ತಾ?"

"ಅದು ಗೊತ್ತಿಲ್ಲಮ್ಮ, ಇನ್ನೂ ನೋಡ್ತಿದೀವಿ. ಗುರುತು ಬಿತ್ತು ಅಂದ್ರೆ ಎಲ್ಲ ಮುಗೀತು ಅಂತೇನಲ್ಲ. ಹುಟ್ಟಿದ್ಮೇಲೆ ಮಗೂನ ಹೇಗೆ ನೋಡ್ಕೋತೀವಿ ಅನ್ನೋದೂ..."

ವೆಸ್ಟೀನಳ ಕಿವಿ 'ಗೊತ್ತಿಲ್ಲ' ಎಂಬಲ್ಲಿಗೇ ಮುಚ್ಚಿಕೊಂಡಿತ್ತು. ಹೆದರಿದವರ ಕಿವಿಯ ಹಣೆಬರಹವೇ ಅಷ್ಟು. ಧೈರ್ಯ ಹೇಳುವ ಅರ್ಧ ಮಾತನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಮನೆಗೆ ಬಂದವಳೇ ತನ್ನದೇ ವೈದ್ಯ ಶುರುಮಾಡಿದಳು. ಭಯದ ಬೇರು ಅವ್ವ, ಆದ್ದರಿಂದ ಮಗುವನ್ನು ಅವ್ವನಿಂದ ದೂರ ಇಡಬೇಕು. ಮುಕಬುತೆರ ತೊಂಬತ್ನಾಲ್ಕರಲ್ಲಿ ಕೊಲೆಗಾರರಿಂದ ಅಡಗಿ ನ್ಯಾಬರೊಂಗೊ ಹೊಳೆಯ ಜೌಗಿನಲ್ಲಿ, ಕುತ್ತಿಗೆಮಟ್ಟದ ಕೆಸರುನೀರಿನಲ್ಲಿ, ಜೊಂಡಿನ ಮರೆಯಲ್ಲಿ ಉಸಿರು ಹಿಡಿದು ಕೂತವಳು. ಈಗಲೂ ಆ ಕೊಲೆಗಳು ಶುರುವಾದ ಏಪ್ರಿಲ್ ತಿಂಗಳು ಬಂದು ರೇಡಿಯೊದಲ್ಲಿ ಶೋಕದ ಹಾಡು ಶುರುವಾದರೆ ಮಾತು ಬಿಡುತ್ತಾಳೆ, ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾಳೆ. ಅಂಥವಳ ಬೆನ್ನಿಗೆ ಬಟ್ಟೆಯಲ್ಲಿ ಸುತ್ತಿ ಮಗುವನ್ನು ಕಟ್ಟುವುದುಂಟೆ?

ಆದರೆ ಮೊದಲ ಮೊಮ್ಮಗು ಅಜ್ಜಿಯ ಬೆನ್ನೇರದೆ ಬೆಳೆಯುವುದು ಆ ಊರಲ್ಲಿ ಸಣ್ಣ ಮಾತಲ್ಲ. "ಅಜ್ಜಿ ಬೆನ್ನಿಗೇನು ಮುಳ್ಳಿದೆಯೇನೇ?" ಎಂದು ಪಕ್ಕದ ಮನೆಯ ಸ್ಪೆಸಿಯೋಜ ಬೇಲಿಯಾಚೆಯಿಂದಲೇ ಚುಚ್ಚಿದ್ದಳು. ಮುಕಬುತೆರ ಅದನ್ನು ಕೇಳಿಯೂ ಕೇಳದವಳಂತೆ ಒಳಗೆ ಹೋಗಿದ್ದಳು.

ವೆಸ್ಟೀನ ಮಗುವಿಗೆ ಲಸಿಕೆ ಹಾಕಿಸಿಕೊಂಡು ಮನೆಗೆ ಬಂದಾಗ ಮುಕಬುತೆರ ಅಂಗಳದಲ್ಲಿ ಗಂಜಿ ತಿರುವುತ್ತಿದ್ದಳು. ಏಪ್ರಿಲ್ ಆದ್ದರಿಂದ ಮುಖ ಇಳಿದಿತ್ತು.

"ಚುಚ್ಚಿದ್ರೂ ಅಳಲಿಲ್ಲ ಕಣವ್ವ," ಎಂದಳು ವೆಸ್ಟೀನ.

"ಒಳ್ಳೇದಾಯ್ತು ಬಿಡು," ಎಂದಳು ತಾಯಿ, ಸೌಟು ನಿಲ್ಲಿಸದೆ. "ಜೊಂಡಿನೊಳಗೆ ಅಳದೇ ಇದ್ದ ಕೂಸುಗಳೇ ಉಳಿದಿದ್ದು."

ವೆಸ್ಟೀನಳ ಪಿತ್ತ ನೆತ್ತಿಗೇರಿತು. "ನೋಡು, ಇದೇ! ಇದನ್ನೇ ನೀನು ದಾಟಿಸಿದ್ದು! ನನಗೆ ಕೊಟ್ಟಿದ್ದು ಸಾಲದು ಅಂತ ಇವಳಿಗೂ ಕೊಟ್ಟೆ. ನಾನು ಹೊಲಿಗೆ ಮಿಷನ್ ಮುಂದೆ ಕೂತಿರುವಾಗ ಇವಳ ಬಾಯಿ ಮುಚ್ಚಿಸಿದ್ದೀಯಾ? ನಿಜ ಹೇಳು!"

ಆಡಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು. ತಾಯಿ ಸೌಟು ಕೆಳಗಿಟ್ಟಳು.

"ಇವಳನ್ನ ಮುಟ್ಟೋಕೆ ನೀನು ಬಿಟ್ಟಿದ್ರೆ ತಾನೇ? ನಿನ್ನ ಬಾಯಿ ಮುಚ್ಚಿದ್ದೆ, ಹೌದು. ನೀನು ಹುಟ್ಟೋ ಹೊತ್ತಿಗೆ ಕೊಲ್ಲೋರು ಓಡಿಹೋಗಿದ್ರು. ಆದ್ರೂ ನೀನು ಅತ್ರೆ ಸಾಕು, ನನ್ನ ಕೈ ತಾನಾಗೇ ನಿನ್ನ ಬಾಯಿಗೆ ಹೋಗ್ತಿತ್ತು. ಯಾರಾದ್ರೂ ಕೇಳಿಸ್ಕೊಂಡು ಬಂದ್ರೆ ಅಂತ." ಮಗಳ ಬಲಗೈಯನ್ನೇ ನೋಡುತ್ತ ಹೇಳಿದಳು: "ಇವಳ ಬಾಯಿ ಮುಚ್ಚೋದು ನಿನ್ನ ಕೈ ಕಣೇ."

"ನಾನಾ? ಯಾವಾಗ?"

"ಯಾವಾಗ್ಲೂ. ಅವಳು ಬಾಯಿ ತೆರೆದ್ರೆ ದನಿ ಹೊರಡೋ ಮೊದಲೇ ನಿನ್ನ ಅಂಗೈ ಅಲ್ಲಿರುತ್ತೆ. ನಿನಗದು ಗೊತ್ತೇ ಆಗಲ್ಲ. ಹೇಳೋಣ ಅಂದ್ರೆ ಯಾವ ಮುಖ ಇಟ್ಕೊಂಡು ಹೇಳಲಿ ನಾನು?"

ಸುಳ್ಳು ಅನ್ನಬೇಕೆಂದುಕೊಂಡಳು ವೆಸ್ಟೀನ. ಬೆಳಗ್ಗೆ ಮಗು ಎದ್ದಾಗ ತನ್ನ ಬಲಗೈ ಎಲ್ಲಿತ್ತು? ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ಸೂಜಿ ಚುಚ್ಚಿದ ಜಾಗ ನೋಯತೊಡಗಿತೋ, ಹಸಿವೋ, ಇನೇಜಳ ಮುಖ ಕಿವುಚಿಕೊಂಡಿತು. ಬಾಯಿ ತೆರೆಯಿತು. ವೆಸ್ಟೀನ ನೋಡುತ್ತಿದ್ದಂತೆಯೇ ಅವಳ ಬಲಗೈ ಮೇಲೆದ್ದಿತು. ಅವಳು ಎತ್ತಿರಲಿಲ್ಲ, ಅದೇ ಎದ್ದಿತ್ತು. ತಡೆಯಬೇಕೆಂದು ಮನಸ್ಸು ಕೂಗುತ್ತಿದ್ದರೂ ಕೈ ಹೋಗುತ್ತಲೇ ಇತ್ತು.

ಮುಕಬುತೆರ ಆ ಕೈಯನ್ನು ಗಪ್ಪನೆ ಹಿಡಿದಳು.

ಮೊದಲು ಒಂದು ಕೀರಲು ದನಿ ಬಂತು. ಆಮೇಲೆ ಇನೇಜ ಎದೆ ಬಿರಿಯುವಂತೆ ಅತ್ತಳು. ಕೋಳಿಗಳು ಚೆದುರಿದವು. ಮುಕಬುತೆರಳ ಕಣ್ಣು ಬಿಗಿಯಾಗಿ ಮುಚ್ಚಿದ್ದವು, ಹಿಡಿತ ಮಾತ್ರ ಸಡಿಲವಾಗಲಿಲ್ಲ.

"ಅಳಲಿ ಬಿಡೇ," ಎಂದಳು, ಹಲ್ಲು ಕಟಕಟಿಸುತ್ತ. "ಯಾರೂ ಬರಲ್ಲ. ಅಳಲಿ."

ಬೇಲಿಯಾಚೆ ಹೆಜ್ಜೆ ಸದ್ದಾಯಿತು. ಯಾರೋ ದಡದಡನೆ ಇತ್ತಲೇ ಬರುತ್ತಿದ್ದರು. ತಾಯಿ ಮಗಳು ಇಬ್ಬರೂ ಉಸಿರು ಬಿಗಿಹಿಡಿದರು. ತಾಯಿಯ ಉಗುರು ಮಣಿಕಟ್ಟಿಗೆ ಇಳಿದರೂ ವೆಸ್ಟೀನ ಕೈ ಬಿಡಿಸಿಕೊಳ್ಳಲಿಲ್ಲ.

"ಏನ್ರೇ ಅದು ಸದ್ದು?" ಸ್ಪೆಸಿಯೋಜಳ ದನಿ. "ಒಳಗೆ ಯಾರಿದ್ದೀರಿ?"

ಮುಕಬುತೆರ ಕಣ್ಣು ತೆರೆದಳು. ಎರಡು ಸಲ ಬಾಯಿ ತೆರೆದರೂ ಮಾತು ಹೊರಡಲಿಲ್ಲ. ಮೂರನೆಯ ಸಲ ಬೇಲಿಯಾಚೆಗೂ ಕೇಳುವಂತೆ ಕೂಗಿ ಹೇಳಿದಳು:

"ನಾವೇ ಕಣಮ್ಮ, ಇಲ್ಲೇ ಇದೀವಿ! ನಮ್ಮ ಮಗು ಅಳ್ತಾ ಇದೆ!"