ತೊನ್ಕಾಳ ಬಲೆ ತೊಟ್ಟ ತಿಮಿಂಗಿಲ

ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಎಂದರೆ ನೀವು ಆಕಳಿಸುತ್ತೀರಿ. ತಿಮಿಂಗಿಲದಿಂದ ಎಂದರೆ, ನಮ್ಮ ಈ ಡಾಲ್ಮೇಶಿಯಾ ಕರಾವಳಿಯ ದ್ವೀಪದಲ್ಲಿ ಅದನ್ನು ಕಂಡವರೇ ಇಲ್ಲ. ಆದರೂ ದೋಣಿ ಕಟ್ಟುವ ದಕ್ಕೆಯ ಮೇಲೆ ಈಗ ಒಂದರ ಪ್ರತಿಮೆ ನಿಂತಿದೆ: ಹನ್ನೆರಡು ಮೀಟರ್ ಉದ್ದ, ಮೈತುಂಬ ಬಲೆ. ‘ಕಡಲು ಉಳಿಸಿ. ಎಸೆದ ಬಲೆಗಳಿಂದ ಮಾಡಿದ್ದು’ ಎಂದು ಫಲಕ.

೧. (ಈ ಡ್ರಾಫ್ಟಿನ ಮೊದಲ ಸುಳ್ಳು ಫಲಕದ್ದು, ನನ್ನದಲ್ಲ.) ನಮ್ಮವರು ಬಲೆ ಎಸೆಯುವುದಿಲ್ಲ, ತೇಪೆ ಹಾಕುತ್ತಾರೆ. ರಾಜಧಾನಿಯಿಂದ ಬಂದ ಕಲಾವಿದೆ ವೆದ್ರಾನಾ ಹಳೇ ಬಲೆ ಕೇಳಿದಾಗ ಯಾರ ಮನೆಯಲ್ಲೂ ಇರಲಿಲ್ಲ. ಕೊಟ್ಟವರ ಹೆಸರನ್ನು ಭಾನುವಾರದ ಪೂಜೆಯಲ್ಲಿ ಓದುತ್ತೇನೆ ಎಂದರು ಪಾದ್ರಿಗಳು. ಪಕ್ಕದ ಮನೆಯವಳ ಹೆಸರು ಬಂದು ತನ್ನದು ಬಾರದಿದ್ದರೆ? ಆ ಭಯಕ್ಕೆ ಮೀನುಗಾರನ ಹೆಂಡತಿ ತೊನ್ಕಾ ಗಂಡನ ಬಲೆಯನ್ನೇ ಕೊಟ್ಟುಬಿಟ್ಟಳು. ಇದ್ದದ್ದೊಂದೇ ಬಲೆ. ಗುರುವಾರ ಅಮಾವಾಸ್ಯೆ, ಬೂತಾಯಿ ಮೀನು ಬರುವ ಹೊತ್ತು. ಅದು ತಪ್ಪಿದರೆ ಚಳಿಗಾಲಕ್ಕೆ ಉಪ್ಪುಮೀನಿನ ಪೀಪಾಯಿ ಖಾಲಿ.

೨. ಗಂಡ ಯೆರ್ಕೊ ಪುರಸಭೆಗೆ ಹೋದ. ಈಗದು ಬಲೆಯಲ್ಲ, ಸಾರ್ವಜನಿಕ ಕಲೆ, ಮುಟ್ಟಿದರೆ ದಂಡ ಎಂದರು ಮೇಯರ್. ವೆದ್ರಾನಾ ಅವನ ಕೈ ಹಿಡಿದುಕೊಂಡಳು. “ಅಜ್ಜಾ, ನಿಮ್ಮ ನೋವೆಲ್ಲ ಈ ಕೃತಿಯಲ್ಲಿದೆ.”

“ನೋವು ಅಲ್ಲೇ ಇರ್ಲಿ ತಾಯಿ. ಬಲೆ ಕೊಡು.”

ಮರುದಿನ ತಿಮಿಂಗಿಲದ ಹೊಟ್ಟೆಯಲ್ಲಿ ಒಂದು ಕಡಲಹಕ್ಕಿ ಸಿಕ್ಕಿಕೊಂಡಿತು. (ತೀರಾ ಸಾಂಕೇತಿಕವಾಯಿತೆಂದು ಈ ಸಾಲನ್ನು ಹೊಡೆದುಹಾಕಿದೆ. ಹಕ್ಕಿ ಕೇಳಲಿಲ್ಲ, ಕಿರುಚುತ್ತಲೇ ಇತ್ತು.) ಗಂಟಿನ ಮರ್ಮ ಬಲ್ಲವರು ಬೇರೆ ಯಾರು? ಹಕ್ಕಿ ಬಿಡಿಸಲು ಮೇಯರ್ ತಾವೇ ಯೆರ್ಕೊನನ್ನು ಕರೆಸಿದರು.

೩. ಅಂತ್ಯಗಳು. ಮೊದಲನೆಯದು: ಮಂತ್ರಿಗಳು ಬಂದು ಕಣ್ಣೀರಿಟ್ಟು ಬಲೆ ಮರಳಿಸಿದರು. (ನಗುತ್ತಿದ್ದೀರಿ. ತೆಗೆದೆ.)

ಎರಡನೆಯದು: ಯೆರ್ಕೊ ಬಲೆಗೆ ಚಾಕು ಹಾಕಿದ. ಇದಕ್ಕೆ ಅವನೇ ಒಪ್ಪಲಿಲ್ಲ. “ಕುಯ್ಯೋದಾ? ನನ್ನವಳು ನಲವತ್ತು ವರ್ಷ ಕೂತು ತೇಪೆ ಹಾಕಿದ್ದು ಕಣಯ್ಯಾ. ಕಥೆಗೆ ಏನಾದ್ರೂ ಕುಯ್ಲೇಬೇಕು ಅಂದ್ರೆ ನಿನ್ ಅಂಗಿ ಕುಯ್ಕೊ.”

ಮೂರನೆಯದು ಈಗ ನಡೆಯುತ್ತಿದೆ. ಮಂಗಳವಾರ ಮಧ್ಯಾಹ್ನ. ಹಕ್ಕಿ ಹಾರಿಹೋಗಿ ಎರಡು ಗಂಟೆಯಾಯಿತು, ಯೆರ್ಕೊನ ಕೈ ಮಾತ್ರ ನಿಂತಿಲ್ಲ. ಒಂದೊಂದೇ ಗಂಟು ಬಿಚ್ಚುತ್ತಿದ್ದಾನೆ. ಪ್ರವಾಸಿಗರು ಇದೂ ಪರ್ಫಾರ್ಮೆನ್ಸ್ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದಾರೆ, ಅವರನ್ನು ನೋಡಿ ಮೇಯರ್ ಕೂಡ. ವೆದ್ರಾನಾ ವಿಡಿಯೋ ಮಾಡಿಕೊಳ್ಳುತ್ತಿದ್ದಾಳೆ. ತೊನ್ಕಾ ಗಂಡನ ಮುಖ ನೋಡದೆ, ಬಿಚ್ಚಿದಷ್ಟನ್ನು ಮಡಚುತ್ತಿದ್ದಾಳೆ.

ಗುರುವಾರದೊಳಗೆ ಮುಗಿಯುತ್ತದೆಯೇ ಎಂದು ಅವಳನ್ನು ಕೇಳಿದೆ.

“ಅದನ್ನ ಗುರುವಾರವೇ ಕೇಳು,” ಎಂದಳು. “ಈಗ ಪೆನ್ನು ಕೆಳಗಿಟ್ಟು ಬಾಲ ಹಿಡ್ಕೊ. ಎಳೀಬೇಡ, ಸಡಿಲ ಬಿಡು.”

ಎರಡೂ ಕೈಯಲ್ಲಿ ಹಿಡಿದಿದ್ದೇನೆ. ಹಾಗಾದರೆ ಈ ಸಾಲು ಬರೆದವರಾರು ಎಂದು ತಕರಾರು ತೆಗೆಯಬೇಡಿ. ಸುಮ್ಮನೆ ನಿಂತು ಓದುತ್ತಿದ್ದೀರಲ್ಲ, ಆ ಕಡೆಯ ಈಜುರೆಕ್ಕೆ ಹಿಡಿಯಲು ಇನ್ನೂ ಯಾರೂ ಸಿಕ್ಕಿಲ್ಲ.