ನಗಿಸುವ ಮಂಚ

ಆ ಮನೆಯ ಜಗಳಗಳಲ್ಲಿ ಕೊನೆಯ ಮಾತು ಯಾವತ್ತೂ ಅಮ್ಮನದೇ, ಏಕೆಂದರೆ ದೀಪದ ಸ್ವಿಚ್ಚು ಇದ್ದದ್ದು ಅವಳ ಕುರ್ಚಿಯ ಪಕ್ಕದಲ್ಲಿ. ಅಪ್ಪ ಅಮ್ಮ ಇಬ್ಬರೂ ಹುಟ್ಟಾ ಕಿವುಡರು. ಮನೆಯ ಮಾತೆಲ್ಲ ಕೈಯಲ್ಲಿ. ಎದುರಿನವರ ವಾದ ಸ್ವಲ್ಪ ಗಟ್ಟಿಯಾಗುತ್ತಿದೆ ಅನ್ನಿಸಿದರೆ ಸಾಕು, ಅಮ್ಮ ದೀಪ ಆರಿಸಿಬಿಡುತ್ತಿದ್ದಳು. ಕತ್ತಲಲ್ಲಿ ಎಂಥ ವಾಚಾಳಿಯೂ ಬಾಯಿ ಮುಚ್ಚಲೇಬೇಕು.

ಕಿವಿ ಕೇಳಿಸುವ ಒಬ್ಬಳೇ ಮಗಳು ಬೆಳೆದು ಸನ್ನೆ ಭಾಷೆಯ ದುಭಾಷಿಯಾದಳು. ಆಸ್ಪತ್ರೆ, ಕೋರ್ಟು, ಬ್ಯಾಂಕು, ಎಲ್ಲೆಲ್ಲಿ ಕಿವುಡರಿಗೂ ಉಳಿದವರಿಗೂ ಮಾತುಕತೆ ಆಗಬೇಕೋ ಅಲ್ಲೆಲ್ಲ ನಡುವೆ ಇವಳ ಕೈ. ತೊಟ್ಟಿಲಲ್ಲೇ ಕೈ ಬೀಸುತ್ತಿದ್ದ ರಭಸ ನೋಡಿ ಅಪ್ಪ ಇಟ್ಟ ಸನ್ನೆಯ ಹೆಸರು ಗಾಳಿಪಟ. ಆ ಗಾಳಿಪಟಕ್ಕೆ ಈಗ ಬಲ ಹೆಬ್ಬೆರಳಿನ ಬುಡದಲ್ಲಿ ನೋವು. ನಲ್ಲಿ ತಿರುಗಿಸಿದರೆ ನೋವು, ಬಾಚಣಿಗೆ ಹಿಡಿದರೆ ನೋವು. ಹಿಂದಿನ ತಿಂಗಳು ದೊಡ್ಡವರೊಬ್ಬರ ಭಾಷಣದ ಮಧ್ಯೆ ಬೆರಳು ಸೆಟೆದುಕೊಂಡು ಕೈ ನಿಂತೇಹೋಯಿತು. ಕಿವುಡ ಸಭಿಕರು ಭಾಷಣ ಮುಗಿಯಿತೆಂದು ಸಂತೋಷವಾಗಿ ಎದ್ದು ಹೊರಟರು.

ಹೆಬ್ಬೆರಳನ್ನು ಎಳೆಯುವ ನಾರು ಊದಿಕೊಂಡಿದೆ, ಹೀಗೇ ದುಡಿಸಿದರೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿಕೊಂಡು ಕೂರಬೇಕಾದೀತು ಎಂದಳು ಫಿಸಿಯೋ. ಬೇರೆಯವರಿಗೆ ಅದು ರಜೆ. ಇವಳಿಗೆ ಅದು ಅಪ್ಪ ಅಮ್ಮನ ಎದುರು ನಾಲಿಗೆ ಕಟ್ಟಿಸಿಕೊಂಡು ಕೂರುವುದು.

ಅದೇ ಹೊತ್ತಿಗೆ ಬಂತು ಆ ಸುದ್ದಿ. ಊರಿನ ರಂಗಮಂದಿರದವರು ಒಂದು ಹಳೆಯ ಹಾಸ್ಯ ನಾಟಕ ಮತ್ತೆ ಆಡುತ್ತಾರೆ, ಮೊಟ್ಟಮೊದಲ ಬಾರಿಗೆ ಸನ್ನೆ ಭಾಷೆಯ ಜೊತೆಗೆ. ದುಭಾಷಿಗಳಿಬ್ಬರಲ್ಲಿ ಇವಳೂ ಒಬ್ಬಳು ಎಂದು ಕಾಗದ ಬರೆದಿದ್ದರು. ಅಪ್ಪ ಕಾಗದ ಹಿಡಿದು ಮನೆಯೆಲ್ಲ ಕುಣಿದ. ಹರೆಯದಲ್ಲಿ ತನ್ನ ಅಣ್ಣನ ಜೊತೆ ಅವನು ಅದೇ ನಾಟಕ ನೋಡಿದ್ದ. ಒಂದು ದೃಶ್ಯದಲ್ಲಿ ವೇದಿಕೆಯ ಮೇಲೆ ಗಂಡ, ಹೆಂಡತಿ, ಒಂದು ಮಂಚ. ಗಂಡ ಹೆಂಡತಿ ಸುಮ್ಮನೆ ನಿಂತಿದ್ದಾರೆ, ಮಂಚವೂ ಮಂಚದ ಪಾಡಿಗೆ ಇದೆ, ಇಡೀ ಮಂದಿರ ಹೊಟ್ಟೆ ಹಿಡಿದುಕೊಂಡು ನಗುತ್ತಿದೆ. ಯಾಕೋ ಎಂದು ಅಣ್ಣನನ್ನು ತಿವಿದರೆ ಅವನು ಕಣ್ಣೀರು ಒರೆಸಿಕೊಳ್ಳುತ್ತ ಕೈಯಾಡಿಸಿದ: ಆಮೇಲೆ ಹೇಳ್ತೀನಿ. ಹೇಳಲಿಲ್ಲ. ಕಿವುಡರ ಆಯುಷ್ಯದಲ್ಲಿ ಅರ್ಧ ಈ ‘ಆಮೇಲೆ’ಯಲ್ಲೇ ಕಳೆಯುತ್ತದೆ. ಅವತ್ತಿನಿಂದ ಅಪ್ಪ ಎಲ್ಲಿ ಹೋದರೂ ಅಕ್ಕಪಕ್ಕದ ಮುಖ ನೋಡಿಕೊಂಡು ಒಂದು ಗಳಿಗೆ ತಡವಾಗಿ ನಗುವವನಾದ.

ಈಗ ಮಗಳ ಕೈಗೆ ನಾಟಕದ ಪ್ರತಿ ಬಂದಿತ್ತು, ಮಂಚದ ಗುಟ್ಟೂ ಗೊತ್ತಾಗಿತ್ತು. ಆದರೆ ಅಪ್ಪ ಹೇಳಗೊಡಲಿಲ್ಲ. ಎಲ್ಲರ ಜೊತೆ ಕೂತು, ಎಲ್ಲರ ಜೊತೆಗೇ ನಗಬೇಕು ಎಂಬುದು ಅವನ ಹಟ. ಮಗಳು ಅಭ್ಯಾಸಕ್ಕೆ ನಿಂತರೆ ಅಡುಗೆಮನೆಗೆ ಹೋಗಿ ಗೋಡೆಗೆ ಮುಖಮಾಡಿ ಕೂರುತ್ತಿದ್ದ.

ಅಂಥದೊಂದು ಅಭ್ಯಾಸದಲ್ಲೇ ಅಮ್ಮ ಅವಳನ್ನು ತಡೆದಳು. ಮಗಳು ನಡುಮನೆಯಲ್ಲಿ ನಿಂತು ಗಂಡಹೆಂಡಿರ ಜಗಳವನ್ನು ತಲೆಯ ಮೇಲಿಂದ ಸೊಂಟದವರೆಗೆ ಬೀಸಿ ಬೀಸಿ ಆಡುತ್ತಿದ್ದಳು. ಹೂದಾನಿ ಎರಡು ಸಲ ಕೂದಲೆಳೆಯಲ್ಲಿ ಪಾರಾಗಿತ್ತು.

“ಯಾಕೆ ಹಾಗೆ ಕಿರುಚ್ತೀಯ?” ಎಂದಿತು ಅಮ್ಮನ ಕೈ.

“ಹಾಲ್ ದೊಡ್ಡದಮ್ಮ. ಹಿಂದಿನ ಸಾಲಿಗೂ ಮುಟ್ಟಬೇಕಲ್ಲ.”

“ನಾವು ಕಿವುಡರು ಕಣೇ, ಕುರುಡರಲ್ಲ.”

ಮಗಳ ಕೈ ಗಾಳಿಯಲ್ಲೇ ನಿಂತಿತು. ಕಿವುಡರ ಹತ್ತಿರ ಗಂಟಲು ಹರಿದುಕೊಂಡು ಮಾತಾಡುವ ಜನರನ್ನು ಕಂಡು ಮನೆಮಂದಿಯೆಲ್ಲ ನಕ್ಕಿದ್ದುಂಟು. ಇವಳು ಮನೆಯ ಮಗಳಾಗಿಯೂ ಅದನ್ನೇ ಮಾಡುತ್ತಿದ್ದಳು, ಗಂಟಲಿನ ಬದಲು ಕೈ ಹರಿದುಕೊಳ್ಳುತ್ತಿದ್ದಳು, ಅಷ್ಟೇ. ಅಮ್ಮನಾದರೋ ಹಗಲೆಲ್ಲ ಹೆಣಿಗೆ ಯಂತ್ರದ ಮುಂದೆ ದುಡಿದು, ಸಂಜೆಯೆಲ್ಲ ಗೆಳತಿಯರ ಜೊತೆ ಹರಟಿ, ಒಂದು ದಿನವೂ ಕೈನೋವು ಅಂದವಳಲ್ಲ. ಮೊಣಕೈ ಪಕ್ಕೆಗೆ ಒರಗಿರುತ್ತಿತ್ತು, ಮಾತು ಎದೆಯ ಮುಂದೆ ಸಣ್ಣದಾಗಿ ಬರುತ್ತಿತ್ತು. ತನ್ನ ಸರದಿ ಮುಗಿದ ಕೂಡಲೇ, ಒಲೆಯಿಂದ ಪಾತ್ರೆ ಇಳಿಸಿದ ಹಾಗೆ ಕೈಯನ್ನು ಮಡಿಲಿಗೆ ಇಳಿಸಿಬಿಡುತ್ತಿದ್ದಳು. ಇವಳೋ ಬೇರೆಯವರು ಮಾತಾಡುವಾಗಲೂ ಕೈಯನ್ನು ಒಲೆಯ ಮೇಲೇ ಇಟ್ಟಿರುವವಳು.

ಜೊತೆಗಾರ ದುಭಾಷಿಯನ್ನು ಎಲ್ಲರೂ ಕರೆಯುತ್ತಿದ್ದುದು ಫ್ಲಾಸ್ಕಣ್ಣ ಎಂದು. ಅವನ ಫ್ಲಾಸ್ಕಿನಲ್ಲಿ ಇದ್ದದ್ದು ಬಿಸಿನೀರು, ಕುಡಿಯಲಿಕ್ಕಲ್ಲ, ಕೆಲಸಕ್ಕೆ ಮುಂಚೆ ಬಟ್ಟಲಿಗೆ ಬಗ್ಗಿಸಿ ಕೈ ಅದ್ದಲಿಕ್ಕೆ. ಆಸೆಯಿಂದ ಲೋಟ ಒಡ್ಡಿ ಪೆಚ್ಚಾದವರು ಬಹಳ ಮಂದಿ. ಆಗಾಗ ಸರದಿ ಬದಲಿಸದೆ ಅವನು ಎಲ್ಲೂ ದುಡಿದವನಲ್ಲ. ಇವಳು ಸರದಿ ಬಿಟ್ಟುಕೊಟ್ಟವಳಲ್ಲ. ಅವನು ಹಂಚಿದ ಪ್ರಕಾರ ಗಂಡಹೆಂಡಿರ ಜಗಳವೆಲ್ಲ ಇವಳಿಗೆ, ಜಗಳದ ತುದಿಯಲ್ಲಿ ಬರುವ ಮಂಚದ ಮಾತು ಅವನಿಗೆ.

“ಅದೊಂದು ಮಾತು ನನಗೆ ಬಿಟ್ಟುಬಿಡಿ ಅಣ್ಣ, ನಮ್ಮಪ್ಪನಿಗೆ ನಾನೇ ಹೇಳಬೇಕು.”

“ಹೇಳೋದಕ್ಕೆ ಆ ಹೊತ್ತಿಗೆ ಕೈ ಇರಬೇಕಲ್ಲ ತಂಗಿ,” ಎಂದ ಅವನು. “ಇರಲಿ, ನಿನ್ನಿಷ್ಟ. ಭುಜ ಮುಟ್ಟಿದರೆ ಏಳ್ತೀನಿ. ಇಲ್ಲಾಂದ್ರೆ ಕೂತಿರ್ತೀನಿ.”

ಉಳಿದಿದ್ದ ದಿನಗಳಲ್ಲಿ ಗಾಳಿಪಟ ತನ್ನ ದಾರವನ್ನು ತಾನೇ ಸುತ್ತಿಕೊಂಡಳು. ಬೆಳಗ್ಗೆದ್ದು ಭುಜ ತಿರುಗಿಸಿ, ಬೆಚ್ಚನೆಯ ನೀರಿನಲ್ಲಿ ಬೆರಳು ಬಿಡಿಸುವುದು. ಮೊಬೈಲನ್ನು ಹೆಬ್ಬೆರಳಲ್ಲಿ ಉಜ್ಜುತ್ತ ಕೂರದೆ ಮೇಜಿನ ಮೇಲಿಟ್ಟು ಓದುವುದು. ಮಣಿಕಟ್ಟು ಮಡಚಿ ಕೆನ್ನೆಯಡಿ ಇಟ್ಟು ಮಲಗುವ ಚಾಳಿ ಬಿಡುವುದು. ಅದು ಮಾತ್ರ ಪ್ರಾಣಸಂಕಟ. ಆಸ್ಪತ್ರೆಯ ಕೆಲಸದಲ್ಲಿ, ಡಾಕ್ಟರು ಕನ್ನಡಕ ಹುಡುಕುವಷ್ಟು ಹೊತ್ತಾದರೂ ಕೈ ಮಡಿಲಿಗೆ. ಅಮ್ಮ ಎದುರು ಕೂತು, ಮಗಳ ಸನ್ನೆ ಭುಜ ದಾಟಿತೋ, ಸ್ವಿಚ್ಚಿನ ಮೇಲೆ ಬೆರಳಿಡುತ್ತಿದ್ದಳು. ಒಂದು ಬೆಳಗ್ಗೆ ಬಚ್ಚಲಿನ ನಲ್ಲಿ ನೋಯದೆ ತಿರುಗಿತು. ಖುಷಿಗೆ ಮನೆಯ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿದಳು. ಒಂದನ್ನು ನಿಲ್ಲಿಸಲು ಮರೆತು, ಅಡುಗೆಮನೆಯಲ್ಲಿ ಅಪ್ಪನ ಕಾಲು ಒದ್ದೆಯಾದ ಮೇಲೆ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ರಂಗಮಂದಿರ ಕಿಕ್ಕಿರಿದಿತ್ತು. ವೇದಿಕೆಯ ಬಲಪಕ್ಕದಲ್ಲಿ ದುಭಾಷಿಗಳಿಗೊಂದು ಪುಟ್ಟ ದೀಪ, ಎರಡು ಕುರ್ಚಿ. ಇಸ್ತ್ರಿ ಮಾಡಿದ ಅಂಗಿಯ ಅಪ್ಪ ಮೂರನೆಯ ಸಾಲಿನಲ್ಲಿ, ಪಕ್ಕದಲ್ಲಿ ಅಮ್ಮ, ಇನ್ನೊಂದು ಪಕ್ಕದಲ್ಲಿ ಯಾರೋ ದಪ್ಪ ಮೀಸೆಯ ಮಹಾಶಯ.

ಗಂಡಹೆಂಡಿರ ಜಗಳ ಶುರುವಾಯಿತು. ಗಾಳಿಪಟ ಎದ್ದು ನಿಂತಳು. ಎದೆಯ ಮುಂದೆ, ಸಣ್ಣದಾಗಿ, ಚುರುಕಾಗಿ. ಎಂಥ ಮಜಾ! ಕೂಗಾಡಿದಾಗ ಬಾರದ ವ್ಯಂಗ್ಯವೆಲ್ಲ ಈಗ ಬೆರಳ ತುದಿಯಲ್ಲಿ ಕುಣಿಯುತ್ತಿತ್ತು. ಕಿವುಡರ ಸಾಲುಗಳು ಅಲ್ಲಲ್ಲೇ ನಗತೊಡಗಿದವು. ಹೆಂಡತಿಯ ಬೈಗುಳ ಉದ್ದವಾಯಿತು, ಗಂಡನ ಸಮಜಾಯಿಷಿ ಇನ್ನೂ ಉದ್ದವಾಯಿತು. ಹೆಬ್ಬೆರಳಿನ ಬುಡದಲ್ಲಿ ಬಿಸಿ ಏರಿತು. ಇನ್ನೂ ನೋವಲ್ಲ, ನೋವಿನ ಬಾಗಿಲು ಬಡಿತ. ಹಿಂದೆಲ್ಲ ಅವಳು ಆ ಬಾಗಿಲಿಗೆ ಕಿವುಡಿ. ಇನ್ನು ನಾಲ್ಕೇ ಮಾತು, ಆಮೇಲೆ ಮಂಚ. ಅಪ್ಪ ಕುರ್ಚಿಯ ತುದಿಗೆ ಬಂದಿದ್ದ. ನಾನೇ ಹೇಳಿಬಿಡಲೇ? ಬೆರಳು ಸೆಟೆದುಕೊಂಡರೆ? ಅಪ್ಪನ ಪಾಲಿಗೆ ಮತ್ತೊಂದು ‘ಆಮೇಲೆ’.

ಅವಳು ಫ್ಲಾಸ್ಕಣ್ಣನ ಭುಜ ಮುಟ್ಟಿದಳು. ಕೂತು, ಕೈಯನ್ನು ಮಡಿಲಿಗೆ ಇಳಿಸಿದಳು.

ವೇದಿಕೆಯ ಮೇಲೆ ಗಂಡಹೆಂಡಿರು ಉಸಿರೆಳೆದುಕೊಳ್ಳಲು ನಿಂತರು. ಮಂಚದ ಕೆಳಗಿನಿಂದ, ರಾತ್ರಿಯೆಲ್ಲ ಅಡಗಿ ಕೂತಿದ್ದ ಕಳ್ಳನ ದನಿ ಎದ್ದಿತು: “ಅಮ್ಮಾವ್ರೇ, ನ್ಯಾಯ ನಿಮ್ಮ ಕಡೇನೇ ಇದೆ. ಆದ್ರೆ ಸ್ವಲ್ಪ ಬೇಗ ಮುಗಿಸಿ…” ಇಲ್ಲಿ ನಟ ತನ್ನ ದನಿಯ ಮೇಲೇ ಮೋಹ ಉಕ್ಕಿ ಮಾತನ್ನು ಎಳೆದ, ಎಳೆದ, ಇನ್ನೂ ಎಳೆದ. ನಾಟಕ ಬಾಯಿಪಾಠವಾಗಿದ್ದ ಫ್ಲಾಸ್ಕಣ್ಣನ ಮಿತವ್ಯಯದ ಬೆರಳುಗಳು ಮಾತ್ರ ಆಗಲೇ ಮುಗಿಸಿದ್ದವು: ‘ನನಗೆ ಇನ್ನೂ ಎರಡು ಮನೆ ಬಾಕಿ ಇದೆ.’

ಕಿವಿ ಕೇಳಿಸುವವರೆಲ್ಲ ಇನ್ನೂ ಮಾತಿನ ತುದಿಗೆ ಕಾಯುತ್ತಿರುವಾಗಲೇ ಅಪ್ಪ ಎಲ್ಲರಿಗಿಂತ ಮೊದಲು ಭೋರೆಂದು ನಕ್ಕ. ತನ್ನ ನಗು ಎಷ್ಟು ಜೋರೆಂದು ಅವನಿಗೇನು ಗೊತ್ತು? ಇಡೀ ಮಂದಿರ ಅವನ ಕಡೆ ತಿರುಗಿತು. ದಪ್ಪ ಮೀಸೆಯವನು ಏನಾಯಿತೆಂದು ಹುಬ್ಬು ಹಾರಿಸಿದ.

ಕೈ ಬಿಡುವಾಗಿದ್ದುದರಿಂದ ಗಾಳಿಪಟ ಎಲ್ಲವನ್ನೂ ಕಣ್ತುಂಬ ನೋಡಿದಳು. ಅಪ್ಪ ಕಣ್ಣೀರು ಒರೆಸಿಕೊಳ್ಳುತ್ತ, ಮೀಸೆಯವನಿಗೆ ಕೈಯಾಡಿಸಿ ಹೇಳಿದ: ಆಮೇಲೆ ಹೇಳ್ತೀನಿ.